ಡಬ್ಬಿ ಮೊದಲು, ಒಲೆ ಆಮೇಲೆ

ಕಳೆದ ಭಾನುವಾರ ಬೆಳಗ್ಗೆ ನೆರೆಮನೆಯ ಹುಡುಗ ಒಂದು ಪೊಟ್ಟಣವನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಈಗ ಮಂಗಳೂರಿನ ಕಾಲೇಜಿನಲ್ಲಿ ಪದವಿಯ ಎರಡನೆಯ ವರ್ಷದಲ್ಲಿರುವವನು. ಅವನೂ ಅವನ ಮೂವರು ಸಹಪಾಠಿಗಳೂ ಡಿಸೆಂಬರ್ ರಜೆಯಲ್ಲಿ ಹಿಮಾಲಯದ ಕೇದಾರಕಂಠಕ್ಕೆ ಚಾರಣ ಹೋಗುವವರಿದ್ದಾರೆ. ಹಿಂದೆಯೇ ಅವನ ತಂದೆಯೂ ಬಂದರು.

"ಮಾಷ್ಟ್ರೇ, ಇವನು ತರಿಸಿದ ಒಲೆಯನ್ನು ಒಮ್ಮೆ ನೋಡಿ. ಡಬ್ಬಿಯ ಮೇಲೆ ಏನೇನೋ ಬರೆದಿದ್ದಾರೆ. ನನಗೆ ಅರ್ಥವಾಗುವುದಿಲ್ಲ, ಇವನಿಗೆ ಓದುವ ತಾಳ್ಮೆ ಇಲ್ಲ" ಎಂದರು.

ಪೊಟ್ಟಣದಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ, ಮೂರು ಕಾಲುಗಳನ್ನು ಮಡಚಿಡಬಹುದಾದ ಒಂದು ಬರ್ನರ್ ಇತ್ತು. ಜೊತೆಗೆ ಸೊಳ್ಳೆ ಔಷಧದ ಸ್ಪ್ರೇ ಡಬ್ಬಿಯಂತೆ ಉದ್ದನೆಯ ನಾಲ್ಕು ಅನಿಲ ಡಬ್ಬಿಗಳು, ಅವನ್ನು ಬರ್ನರಿಗೆ ಜೋಡಿಸುವ ಒಂದು ಅಡಾಪ್ಟರ್. ಡಬ್ಬಿಯ ಮೇಲಿನ ಎಚ್ಚರಿಕೆಯ ಮಾತುಗಳು ಇಂಗ್ಲಿಷಿನಲ್ಲಿಯೂ ಇನ್ನೆರಡು ಪರದೇಶದ ಭಾಷೆಗಳಲ್ಲಿಯೂ ಇದ್ದವು. ಕಾಸರಗೋಡಿನ ನಮಗೆ ಇದೇನೂ ಹೊಸತಲ್ಲ. ಪಂಚಾಯತಿನ ಅರ್ಜಿಯನ್ನೇ ಬೇರೆ ಭಾಷೆಯಲ್ಲಿ ತುಂಬಿಸಿ ಅಭ್ಯಾಸವಾದವರು ನಾವು. ಆದರೆ ಕನ್ನಡಕವನ್ನು ಹಾಕಿಕೊಂಡು ಆ ಸಣ್ಣ ಅಕ್ಷರಗಳನ್ನು ಓದುತ್ತ ಹೋದಂತೆ ಅಲ್ಲಿರುವುದೆಲ್ಲ ನಮ್ಮ ಮಕ್ಕಳು ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಕನ್ನಡದಲ್ಲಿಯೇ ಕಲಿತ ಪಾಠವೆಂಬುದು ತಿಳಿಯಿತು. ಕುದಿಯುವ ಬಿಂದು, ಆವಿಯ ಒತ್ತಡ, ಗುಪ್ತೋಷ್ಣ, ಸಮಾಂಗಿಗಳು. ಈ ವಾರದ ಅಂಕಣವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇನೆ. ಮನೆಯ ಮಕ್ಕಳು ಇಂತಹ ಒಲೆಯನ್ನು ಕೊಳ್ಳುವ ಮಾತೆತ್ತಿದಾಗ ತಂದೆತಾಯಂದಿರು ಏನನ್ನು ಕೇಳಬೇಕು ಎಂಬುದು ಇದರಿಂದ ಸ್ಪಷ್ಟವಾದೀತು.

ನಾನು ಹುಡುಗನನ್ನು ಮೊದಲು ಕೇಳಿದ ಪ್ರಶ್ನೆ ಒಲೆಯನ್ನು ಕುರಿತದ್ದಲ್ಲ. "ಈ ಡಬ್ಬಿಗಳನ್ನು ಅಲ್ಲಿಗೆ ಹೇಗೆ ಒಯ್ಯುತ್ತೀ?" ಎಂದೆ.

"ಬ್ಯಾಗಿನ ಅಡಿಯಲ್ಲಿ ಬಟ್ಟೆಯ ನಡುವೆ ಇಡುವುದು ಸರ್. ರೈಲಿನಲ್ಲಿ ಯಾರು ಬಿಚ್ಚಿ ನೋಡುತ್ತಾರೆ?" ಎಂದ.

ಕಾಸರಗೋಡಿನಿಂದ ದೆಹಲಿಗೆ ಎರಡು ರಾತ್ರಿಗಳ ರೈಲು ಪಯಣ. ಅಲ್ಲಿಂದ ಡೆಹ್ರಾಡೂನಿಗೆ ಇನ್ನೊಂದು ರೈಲು. ಅಷ್ಟು ಹೊತ್ತು ನೂರಾರು ಜನರ ನಡುವೆ, ಸೀಟಿನ ಕೆಳಗೆ, ಒಟ್ಟು ಸುಮಾರು ಒಂದು ಕಿಲೋ ಉರಿಯುವ ಅನಿಲ. 2023 ರ ಆಗಸ್ಟ್ 26 ರ ನಸುಕಿನಲ್ಲಿ ಮಧುರೆಯ ರೈಲು ನಿಲ್ದಾಣದ ಬಳಿ ನಿಲ್ಲಿಸಿದ್ದ ಒಂದು ಪ್ರವಾಸಿ ಬೋಗಿಗೆ ಬೆಂಕಿ ಹತ್ತಿಕೊಂಡಿತು. ಲಖನೌದಿಂದ ತೀರ್ಥಯಾತ್ರೆಗೆ ಹೊರಟವರು ಅದರಲ್ಲಿದ್ದರು. ಬೋಗಿಯೊಳಗೆ ಕದ್ದು ತಂದಿದ್ದ ಅನಿಲ ಸಿಲಿಂಡರಿನಿಂದ ಒಲೆ ಹಚ್ಚಿದ್ದೇ ಕಾರಣವಾಯಿತು. ಒಂಬತ್ತು ಮಂದಿ ಸತ್ತರು. ಅವರಲ್ಲಿ ಯಾರೂ ಕೇಡು ಬಗೆದವರಲ್ಲ. ಬೆಳಗಿನ ಚಹಾ ಬೇಕಾಗಿತ್ತು, ಅಷ್ಟೆ. 1989 ರ ರೈಲ್ವೆ ಕಾಯಿದೆಯ 164 ನೆಯ ಸೆಕ್ಷನಿನ ಪ್ರಕಾರ ಇಂತಹ ಅಪಾಯಕಾರಿ ವಸ್ತುಗಳನ್ನು ಒಯ್ದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಸಾವಿರ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ವಿಮಾನದಲ್ಲಿಯೂ ಅನಿಲ ಡಬ್ಬಿಗೆ ಪ್ರವೇಶವಿಲ್ಲ. ಕೈಚೀಲದಲ್ಲಿಯೂ ಇಲ್ಲ, ತೂಕಕ್ಕೆ ಹಾಕುವ ಚೀಲದಲ್ಲಿಯೂ ಇಲ್ಲ.

ಇದನ್ನು ಕೇಳಿ ಹುಡುಗನ ಮುಖ ಬಾಡಿತು. ತಂದೆ ಮಗನನ್ನು ನೋಡಿದರು. ನನಗೆ ಹೇಳಬೇಕಾಗಿದ್ದುದು ಅಲ್ಲಿಂದಲೇ ಆರಂಭವಾಗುತ್ತದೆ. ಅನಿಲವನ್ನು ಇಲ್ಲಿಂದ ಒಯ್ಯುವಂತಿಲ್ಲ. ಚಾರಣ ಆರಂಭವಾಗುವ ಪ್ರದೇಶದಲ್ಲಿಯೇ ಕೊಳ್ಳಬೇಕು. ಹಾಗಾದರೆ ಅಲ್ಲಿ ಯಾವ ಬಗೆಯ ಡಬ್ಬಿ ಸಿಗುತ್ತದೆಯೋ ಆ ಬಗೆಗೆ ಕೂಡುವ ಒಲೆಯನ್ನು ಮಾತ್ರ ಇಲ್ಲಿಂದ ಒಯ್ಯಬೇಕು. ಒಲೆಯನ್ನು ಮೊದಲು ಕೊಂಡು ಡಬ್ಬಿಯನ್ನು ಆಮೇಲೆ ಹುಡುಕುವುದು ಕೀಲಿಕೈಯನ್ನು ಕೊಂಡು ಬೀಗವನ್ನು ಹುಡುಕಿದಂತೆ. ಡೆಹ್ರಾಡೂನಿನಲ್ಲಿ ಚಾರಣದ ಸಾಮಗ್ರಿಗಳನ್ನು ಮಾರುವ, ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಹೊರಡುವ ಮೊದಲೇ ಒಂದೆರಡು ಅಂಗಡಿಗಳಿಗೆ ಫೋನು ಮಾಡಿ ಎರಡು ಮಾತು ಕೇಳಬೇಕು: ಡಬ್ಬಿಯ ಬಾಯಿ ಎಂತಹದು, ಒಳಗಿರುವ ಅನಿಲ ಯಾವುದು?

ಬಾಯಿಯ ವಿಷಯ ಸರಳ. ಸ್ಪ್ರೇ ಡಬ್ಬಿಯಂತೆ ಉದ್ದವಾಗಿ, ಮೂತಿಯಿರುವುದು ಒಂದು ಬಗೆ. ಹೋಟೆಲುಗಳಲ್ಲಿ ಮೇಜಿನ ಮೇಲಿಡುವ ಪೆಟ್ಟಿಗೆಯಂಥ ಒಲೆಗಳಿಗೆ ಬಳಸುವಂಥದು. ಗಿಡ್ಡವಾಗಿ, ಅಗಲವಾಗಿ, ತಲೆಯ ಮೇಲೆ ತಿರುಪಿನ ಎಳೆಗಳಿರುವುದು ಇನ್ನೊಂದು. ಬರ್ನರನ್ನು ತಿರುಗಿಸಿ ತೆಗೆದ ಕೂಡಲೇ ತನ್ನಷ್ಟಕ್ಕೆ ಬಾಯಿ ಮುಚ್ಚಿಕೊಳ್ಳುವ ಕವಾಟ ಅದಕ್ಕಿದೆ. ತೂತು ಮಾಡಿ ಕೂಡಿಸುವ ಮೂರನೆಯ ಬಗೆಯೂ ಉಂಟು. ಅದನ್ನು ಮುಗಿಯುವವರೆಗೂ ಕಳಚುವಂತಿಲ್ಲ. ಮಕ್ಕಳ ಕೈಗೆ ಅದು ಬೇಡವೇ ಬೇಡ. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ತಿರುಪಿನ ಡಬ್ಬಿಯೇ ಒಳ್ಳೆಯದು.

ಒಳಗಿನ ಅನಿಲದ ವಿಷಯ ಅಷ್ಟು ಸರಳವಲ್ಲ, ಆದರೆ ಬಲು ಸ್ವಾರಸ್ಯದ್ದು. ಹುಡುಗ ತರಿಸಿದ ಡಬ್ಬಿಯ ಮೇಲೆ ಬ್ಯೂಟೇನ್ ಎಂದಷ್ಟೇ ಇತ್ತು. ಡಬ್ಬಿಯನ್ನು ಅಲುಗಿಸಿದರೆ ಒಳಗೆ ನೀರಿನಂತೆ ಕುಲುಕುತ್ತದೆ. ಒತ್ತಡದಿಂದ ದ್ರವವಾಗಿರುವ ಬ್ಯೂಟೇನ್ ಅದು. ಅದು ಕುದಿದು ಆವಿಯಾದರೆ ಮಾತ್ರ ಬರ್ನರಿಗೆ ಬಂದು ಉರಿದೀತು. ನಮ್ಮೂರಿನ ಸೆಕೆಯಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಸಾಮಾನ್ಯ ಬ್ಯೂಟೇನಿನ ಕುದಿಯುವ ಬಿಂದು ಸಮುದ್ರಮಟ್ಟದ ಒತ್ತಡದಲ್ಲಿ ಸೊನ್ನೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಕೇದಾರಕಂಠ ಸುಮಾರು 3,800 ಮೀಟರ್ ಎತ್ತರದ ಶಿಖರ. ಡಿಸೆಂಬರಿನಲ್ಲಿ ಅಲ್ಲಿ ಹಿಮ ಬಿದ್ದಿರುತ್ತದೆ, ರಾತ್ರಿಯ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಬೆಳಗ್ಗೆ ಎದ್ದು ಕೀಲಿ ತಿರುಗಿಸಿದರೆ ಡಬ್ಬಿ ತುಂಬ ಅನಿಲವಿದ್ದರೂ ಒಲೆ ಹೊತ್ತಿಕೊಳ್ಳದು. ಕಂಪೆನಿ ಮೋಸ ಮಾಡಿತೆಂದು ಬಯ್ಯುವವರು ಹತ್ತನೆಯ ತರಗತಿಯ ಪಾಠವನ್ನು ಮರೆತವರು.

ಆ ಪಾಠದಲ್ಲಿಯೇ ಪರಿಹಾರವೂ ಇದೆ. ನಾಲ್ಕು ಇಂಗಾಲ, ಹತ್ತು ಜಲಜನಕ. ಅಣುಸೂತ್ರ ಒಂದೇ, ಜೋಡಣೆ ಬೇರೆ. ನೇರ ಸರಪಣಿಯಾದರೆ ಬ್ಯೂಟೇನ್, ಕವಲೊಡೆದರೆ ಐಸೋಬ್ಯೂಟೇನ್. ಸಮಾಂಗಿಗಳಿಗೆ ಉದಾಹರಣೆಯೆಂದು ಕರಿಹಲಗೆಯ ಮೇಲೆ ಇದನ್ನು ಎಷ್ಟು ಸಲ ಬಿಡಿಸಿದ್ದೇನೋ ಲೆಕ್ಕವಿಲ್ಲ. "ಇದರಿಂದ ಏನು ಪ್ರಯೋಜನ ಸರ್?" ಎಂದು ಯಾರಾದರೂ ಕೇಳಿದಾಗ ಪರೀಕ್ಷೆಗೆ ಬರುತ್ತದೆ ಎಂದು ತಪ್ಪಿಸಿಕೊಂಡದ್ದೂ ಉಂಟು. ಪ್ರಯೋಜನ ಇಲ್ಲಿದೆ: ಐಸೋಬ್ಯೂಟೇನ್ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆಯೇ ಕುದಿಯುತ್ತದೆ. ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಹಾಗಾದರೆ ಬರಿಯ ಪ್ರೋಪೇನನ್ನೇ ತುಂಬಿಸಬಾರದೇ ಎಂದರೆ, ಸೆಕೆಯಲ್ಲಿ ಅದರ ಆವಿಯ ಒತ್ತಡ ಬ್ಯೂಟೇನಿನ ಮೂರು ಪಟ್ಟಿಗೂ ಮೀರುತ್ತದೆ. ತೆಳ್ಳನೆಯ ಡಬ್ಬಿ ಅದನ್ನು ತಾಳದು. ದಪ್ಪ ಉಕ್ಕಿನ ಸಿಲಿಂಡರನ್ನು ಬೆನ್ನ ಮೇಲೆ ಹೊತ್ತು ಯಾರೂ ಬೆಟ್ಟ ಹತ್ತಲಾರರು. ಆದ್ದರಿಂದ ಚಳಿಗೆಂದು ಮಾಡಿದ ಡಬ್ಬಿಗಳಲ್ಲಿ ಐಸೋಬ್ಯೂಟೇನಿನ ಜೊತೆ ಇಪ್ಪತ್ತು, ಮೂವತ್ತು ಶೇಕಡದಷ್ಟು ಪ್ರೋಪೇನ್ ಬೆರೆಸುತ್ತಾರೆ. ಅಂಗಡಿಯವನನ್ನು ಕೇಳಬೇಕಾದುದು ಈ ಬೆರಕೆಯನ್ನೇ. ಬಣ್ಣವನ್ನೂ ಹೆಸರನ್ನೂ ನೋಡಿ ಪ್ರಯೋಜನವಿಲ್ಲ.

ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ದ್ರವಗಳೆಲ್ಲ ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತವೆ. 3,400 ಮೀಟರಿನ ಬಿಡಾರದಲ್ಲಿ ಬ್ಯೂಟೇನಿನ ಕುದಿಯುವ ಬಿಂದುವೂ ಹತ್ತು ಡಿಗ್ರಿಯಷ್ಟು ಕೆಳಗಿಳಿದಿರುತ್ತದೆ. ಇದು ನಮಗೆ ಸಿಗುವ ಸಣ್ಣ ರಿಯಾಯಿತಿ. ಆದರೆ ಒಲೆ ಉರಿಯುತ್ತಿದ್ದಂತೆ ಡಬ್ಬಿ ತಾನೇ ತಣ್ಣಗಾಗುತ್ತ ಹೋಗುತ್ತದೆ. ದ್ರವ ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ತನ್ನ ಮೈಯಿಂದಲೇ ಕೊಡಬೇಕಲ್ಲ! ಬ್ರಹ್ಮಕಲಶದ ಅಡುಗೆ ಚಪ್ಪರದಲ್ಲಿ ದೊಡ್ಡ ಸಿಲಿಂಡರಿನ ಹೊರಮೈ ಬೆವರಿ ಬೆಳ್ಳಗಾಗುವುದನ್ನೂ ಅಡುಗೆಯವರು ಅದನ್ನು ನೀರಿನ ಟಬ್ಬಿನಲ್ಲಿ ನಿಲ್ಲಿಸುವುದನ್ನೂ ನೀವು ನೋಡಿರಬಹುದು. ಅದೇ ಉಪಾಯ ಬೆಟ್ಟದ ಮೇಲೂ ನಡೆಯುತ್ತದೆ. ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ ಅದರಲ್ಲಿ ಡಬ್ಬಿಯನ್ನು ನಿಲ್ಲಿಸಿದರೆ, ಆ ನೀರು ನೀರಾಗಿಯೇ ಇರುವವರೆಗೆ ಸೊನ್ನೆಗಿಂತ ಕೆಳಗಿಳಿಯದು. ರಾತ್ರಿ ಡಬ್ಬಿಯನ್ನು, ಬರ್ನರ್ ಕಳಚಿ, ಮಲಗುವ ಚೀಲದೊಳಗೆ ಕಾಲಿನ ಬಳಿ ಇಟ್ಟುಕೊಳ್ಳುವುದು ಚಾರಣಿಗರ ರೂಢಿ. ಬೆಂಕಿಗೆ ಹಿಡಿದು ಬೆಚ್ಚಗೆ ಮಾಡುವುದು ಮಾತ್ರ ಆತ್ಮಹತ್ಯೆಗೆ ಸಮಾನ. 50 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಬೆರಕೆಯ ಡಬ್ಬಿಯಲ್ಲಿ ಪ್ರೋಪೇನ್ ಬೇಗ ಬೇಗ ಹೊರಟುಹೋಗಿ, ಕೊನೆಗೆ ಉಳಿಯುವುದರಲ್ಲಿ ಬ್ಯೂಟೇನಿನ ಪಾಲೇ ಹೆಚ್ಚು. ಹಾಗಾಗಿ ಅರ್ಧ ಖಾಲಿಯಾದ ಡಬ್ಬಿಯನ್ನು ಕೆಳಗಿನ ಬಿಡಾರದಲ್ಲಿಯೂ ತುಂಬಿದ ಡಬ್ಬಿಯನ್ನು ಮೇಲಿನ ಬಿಡಾರದಲ್ಲಿಯೂ ಬಳಸುವುದು ಜಾಣತನ.

ಇಷ್ಟೆಲ್ಲ ತಾಪತ್ರಯ ಏಕೆ, ನಮ್ಮ ಅಟ್ಟದಲ್ಲಿರುವ ಹಳೆಯ ಪಂಪ್ ಸ್ಟವ್ ಸಾಲದೇ ಎಂದು ಹುಡುಗನ ತಂದೆ ಕೇಳಿದರು. ಪ್ರಶ್ನೆ ಹಗುರವಾದುದಲ್ಲ. 1892 ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ರೂಪಿಸಿದ ಆ ಪ್ರೈಮಸ್ ಸ್ಟವ್ 1953 ರಲ್ಲಿ ಹಿಲರಿ ಮತ್ತು ತೇನ್‌ಸಿಂಗರ ಜೊತೆ ಎವರೆಸ್ಟಿಗೂ ಹೋಗಿದೆ. ಸೀಮೆಎಣ್ಣೆಗೆ ಪಂಪಿನಿಂದ ನಾವೇ ಒತ್ತಡ ಕೊಡುವುದರಿಂದ ಚಳಿಯ ಅಂಜಿಕೆ ಅದಕ್ಕಿಲ್ಲ. ಆದರೆ ತೂಕ ಹೆಚ್ಚು, ಸೀಮೆಎಣ್ಣೆಯನ್ನೂ ರೈಲಿನಲ್ಲಿ ಒಯ್ಯುವಂತಿಲ್ಲ, ಮೊದಲು ಬರ್ನರನ್ನು ಕಾಯಿಸಿ ಹಚ್ಚುವ ಕೈಚಳಕ ಈ ತಲೆಮಾರಿಗೆ ಇಲ್ಲ. ಅಟ್ಟದಲ್ಲಿಯೇ ಇರಲಿ ಎಂದೆ.

ಒಲೆಯ ಆಯ್ಕೆ ಇನ್ನು ಕಷ್ಟವಲ್ಲ. ಡಬ್ಬಿಯ ತಲೆಯ ಮೇಲೆಯೇ ತಿರುಗಿಸಿ ಕೂಡಿಸುವುದು ಹಗುರ, ನೂರು ಗ್ರಾಂ ಆಸುಪಾಸು; ಬೆಲೆಯೂ ಕಡಿಮೆ. ಆದರೆ ಡಬ್ಬಿ, ಅದರ ಮೇಲೆ ಬರ್ನರ್, ಅದರ ಮೇಲೆ ನಾಲ್ವರ ಅಡುಗೆಯ ಪಾತ್ರೆ ಎಂದರೆ ಗೋಪುರವೇ ಸರಿ. ಹಿಮದ ಮೇಲೆ ವಾಲಿದರೆ ಕುದಿಯುವ ನೀರು ಕಾಲಮೇಲೆ. ಡಬ್ಬಿ ಒಂದು ಕಡೆ, ಬರ್ನರ್ ನೆಲಕ್ಕೆ ಒರಗಿ ಇನ್ನೊಂದು ಕಡೆ, ನಡುವೆ ಒಂದು ಕೊಳವೆ ಇರುವ ಒಲೆಗಳೂ ಸಿಗುತ್ತವೆ. ತೂಕವೂ ಬೆಲೆಯೂ ಹೆಚ್ಚು. ಆದರೆ ನಾಲ್ವರಿಗೆ, ಹಿಮದಲ್ಲಿ, ನನ್ನ ಮತ ಅದಕ್ಕೇ. ಅದಕ್ಕೆ ಇನ್ನೊಂದು ಕಾರಣವಿದೆ, ಗಾಳಿ.

ಹುಡುಗನನ್ನು ಕೂರಿಸಿಕೊಂಡು ಅಂಗಳದಲ್ಲಿಯೇ ಒಂದು ಪರೀಕ್ಷೆ ಮಾಡಿದೆವು. ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿಯನ್ನು ತೂಗಿ, ಒಂದು ಲೀಟರ್ ಬಾವಿನೀರನ್ನು ಮುಚ್ಚಳ ಹಾಕಿ ಕುದಿಸಿ, ಮತ್ತೆ ತೂಗಿದೆವು. 14 ಗ್ರಾಂ ಖರ್ಚಾಗಿತ್ತು. ಆಮೇಲೆ ಜಗಲಿಯ ಟೇಬಲ್ ಫ್ಯಾನನ್ನು ಅತ್ತ ತಿರುಗಿಸಿ ಇನ್ನೊಂದು ಲೀಟರ್ ಇಟ್ಟೆವು. ಹತ್ತು ನಿಮಿಷವಾದರೂ ನೀರು ಕುದಿಯಲಿಲ್ಲ; ನಿಲ್ಲಿಸಿ ತೂಗಿದರೆ 30 ಗ್ರಾಂ ಹೋಗಿತ್ತು. ಬೆಟ್ಟದ ಗಾಳಿ ನಮ್ಮ ಫ್ಯಾನಿಗಿಂತ ಸೌಮ್ಯವಾಗಿರುವುದೆಂದು ನಂಬಲು ಕಾರಣವಿಲ್ಲ. ಗಾಳಿಗೆ ತಗಡಿನ ಮರೆ ಬೇಕು. ಆದರೆ ಡಬ್ಬಿಯ ತಲೆಯ ಮೇಲೆ ಕೂರುವ ಒಲೆಯ ಸುತ್ತ ತಗಡನ್ನು ಪೂರ್ತಿ ಸುತ್ತಿದರೆ ಬೆಂಕಿಯ ಶಾಖವೆಲ್ಲ ಡಬ್ಬಿಗೇ ತಿರುಗಿ ಅದು ಸಿಡಿಯುವ ಅಪಾಯವಿದೆ. ಕೊಳವೆಯ ಒಲೆಯಾದರೆ ಬರ್ನರಿನ ಸುತ್ತ ಮಾತ್ರ ಮರೆ ಕಟ್ಟಿ ಡಬ್ಬಿಯನ್ನು ಹೊರಗಿಡಬಹುದು.

ಈ 14 ಗ್ರಾಮಿನಿಂದ ಉಳಿದ ಲೆಕ್ಕ ಸುಲಭ. ಅಲ್ಲಿನ ತೊರೆಯ ನೀರು ಹಿಮದಷ್ಟೇ ತಣ್ಣಗಿರುವುದರಿಂದ ಲೀಟರಿಗೆ 17 ಗ್ರಾಂ ಎಂದಿಟ್ಟುಕೊಳ್ಳೋಣ. ನಾಲ್ವರಿಗೆ ದಿನಕ್ಕೆ ಏಳು ಲೀಟರ್, ನಾಲ್ಕು ದಿನ; ಒಟ್ಟು 476 ಗ್ರಾಂ. 230 ಗ್ರಾಮಿನ ಎರಡು ಡಬ್ಬಿಗಳು ಸಾಲುವುದಿಲ್ಲ, ಮೂರು ಬೇಕು. ತೊರೆ ಹೆಪ್ಪುಗಟ್ಟಿ ಹಿಮವನ್ನೇ ಕರಗಿಸಬೇಕಾಗಿ ಬಂದರೆ ಗ್ರಾಮಿಗೆ 80 ಕ್ಯಾಲೊರಿಯಂತೆ ಕರಗಿಸಲಿಕ್ಕೇ ಬೇಕು. ಖರ್ಚು ಹೆಚ್ಚುಕಡಿಮೆ ಇಮ್ಮಡಿ. ನಾಲ್ಕನೆಯದನ್ನೂ ಕೊಂಡರೆ ತಪ್ಪಿಲ್ಲ.

ಅನಿಲವನ್ನು ಉಳಿಸುವ ದಾರಿ ಅಡುಗೆಯಲ್ಲಿಯೂ ಇದೆ. ಹುಡುಗನ ತಾಯಿ ಐದು ಕಿಲೋ ಕುಚ್ಚಲಕ್ಕಿಯನ್ನು ಕಟ್ಟಿಡಲು ಹೊರಟಿದ್ದರಂತೆ. ಮಗನಿಗೆ ಗಂಜಿ ಇಲ್ಲದೆ ಆಗದು. ಆದರೆ 3,400 ಮೀಟರಿನಲ್ಲಿ ನೀರು 88, 89 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಊರಿನಲ್ಲಿಯೇ ಮುಕ್ಕಾಲು ಗಂಟೆ ಹಿಡಿಯುವ ಕುಚ್ಚಲಕ್ಕಿ ಅಲ್ಲಿ ಡಬ್ಬಿ ಮುಗಿದರೂ ಅರಳದು. ಅವಲಕ್ಕಿ, ಹುರಿದ ರವೆ, ಹುರಿಹಿಟ್ಟು, ಬೆಲ್ಲ, ಮಿಡಿ ಉಪ್ಪಿನಕಾಯಿ ಸಾಕು. ಬಿಸಿನೀರು ಹಾಕಿ ಮುಚ್ಚಿಟ್ಟರೆ ಆಗುವಂಥದೇ ಎಲ್ಲ. ಅಂದಹಾಗೆ ನಮ್ಮ ರಾಣಿಪುರದ ಗುಡ್ಡಕ್ಕೆ ಹೋಗಿ ಸಂಜೆಗೆ ಮರಳುವವರಿಗೆ ಯಾವ ಒಲೆಯೂ ಬೇಡ, ಬಾಳೆಲೆಯ ಬುತ್ತಿಯೇ ಪರಮಾನ್ನ.

ಇನ್ನೊಂದು ವಿಷಯವನ್ನು ನಾನು ತಂದೆಗೆ ಕೇಳಿಸುವಂತೆ, ಮಗನಿಗೆ ಹೇಳಿದೆ. ಡೇರೆಯೊಳಗೆ ಒಲೆ ಹಚ್ಚಬಾರದು. ಚಹಾ ಮಾಡಲೂ ಬಾರದು, ಕೈ ಕಾಯಿಸಲೂ ಬಾರದು, ಹೊರಗೆ ಹಿಮ ಬೀಳುತ್ತಿದ್ದರೂ ಬಾರದು. 2020 ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ನಮ್ಮ ಕೇರಳದಿಂದಲೇ ಹೋಗಿದ್ದ ಎಂಟು ಮಂದಿ ಒಂದೇ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿ, ಬದುಕದೆ ಹೋದುದನ್ನು ಓದುಗರು ಮರೆತಿರಲಾರರು. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ ಅನಿಲದ ಹೀಟರ್ ಉರಿಸಿದ್ದರು. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತೂಕಡಿಕೆ, ಅಷ್ಟೆ. ನಡೆದು ದಣಿದವನಿಗೆ ಅದು ನಿದ್ದೆಯೆಂದೇ ತೋರುತ್ತದೆ. ಡೇರೆಯ ಬಟ್ಟೆ ಬೆಂಕಿ ಹಿಡಿಯುವ ಮಾತು ಬೇರೆ. ಸೋರಿದ ಬ್ಯೂಟೇನ್ ಗಾಳಿಗಿಂತ ಇಮ್ಮಡಿ ಭಾರವಾದುದರಿಂದ ಮೇಲೇರದೆ ಮಲಗಿದವರ ಮಟ್ಟದಲ್ಲಿಯೇ ನಿಂತುಕೊಳ್ಳುವುದು ಮತ್ತೊಂದು.

ಉಳಿದವು ಚಿಕ್ಕ ಸಂಗತಿಗಳು. ಬರ್ನರಿನ ಬುಡದ ರಬ್ಬರ್ ಬಳೆ ಸೀಳಿಲ್ಲವೆಂದು ಪ್ರತಿ ಸಲ ನೋಡಬೇಕು. ಬಯಲಿನಲ್ಲಿ, ಬೆಂಕಿಯಿಂದ ದೂರ ಕೂಡಿಸಿ, ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಬೇಕು. ಒತ್ತಿದರೆ ಕಿಡಿ ಬರುವ ಗುಂಡಿಯನ್ನು ಎತ್ತರದಲ್ಲಿ ನಂಬುವಂತಿಲ್ಲ. ಬೆಂಕಿಪೆಟ್ಟಿಗೆಯನ್ನು ಪ್ಲಾಸ್ಟಿಕಿನಲ್ಲಿ ಸುತ್ತಿ ಇಬ್ಬರ ಬಳಿ ಬೇರೆ ಬೇರೆ ಇಡಬೇಕು. ಖಾಲಿ ಡಬ್ಬಿಯನ್ನು ಮನೆಯ ಸಿಲಿಂಡರಿನಿಂದ ತುಂಬಿಸಿಕೊಳ್ಳುವ ಕೊಳವೆಗಳನ್ನು ಮಾರುತ್ತಾರೆ. ಮನೆಯ ಸಿಲಿಂಡರಿನಲ್ಲಿ ಪ್ರೋಪೇನೂ ಸೇರಿರುತ್ತದೆ, ಎಷ್ಟು ತುಂಬಿತೆಂದು ತಿಳಿಯುವ ದಾರಿಯಿಲ್ಲ. ಆ ಕೊಳವೆ ಮನೆಗೆ ಬಂದರೆ ತಂದೆಯೇ ಅದನ್ನು ಎತ್ತಿಡಲಿ. ಖಾಲಿ ಡಬ್ಬಿಗಳನ್ನು ಬೆಟ್ಟದಲ್ಲಿ ಬಿಸಾಡದೆ ಕೆಳಗೆ ತರಬೇಕು. ಅದು ಗೋವಿಂದ ಪಶುವಿಹಾರದ ರಕ್ಷಿತ ಅರಣ್ಯ, ಅನುಮತಿ ಪಡೆದು ಒಳಗೆ ಹೋಗಬೇಕಾದ ಜಾಗ.

ಹುಡುಗ ಸಂಜೆಯೇ ಡೆಹ್ರಾಡೂನಿನ ಮೂರು ಅಂಗಡಿಗಳಿಗೆ ಫೋನು ಮಾಡಿದ. ತಿರುಪಿನ ಡಬ್ಬಿಗಳು ಎರಡು ಕಡೆ ಇವೆಯಂತೆ. ಒಬ್ಬರು ಡಬ್ಬಿಯ ಹಿಂಬದಿಯ ಚಿತ್ರವನ್ನೇ ತೆಗೆದು ಕಳುಹಿಸಿದರು. ಐಸೋಬ್ಯೂಟೇನ್, ಪ್ರೋಪೇನ್ ಎಂದು ಸ್ಪಷ್ಟವಾಗಿತ್ತು. ಕೊಳವೆಯ ಒಲೆಯನ್ನು ದಿನಬಾಡಿಗೆಗೆ ಕೊಡುತ್ತೇವೆಂದರಂತೆ. ಕೊಂಡ ಒಲೆಯ ಆರುನೂರು ರೂಪಾಯಿ ವ್ಯರ್ಥವಾಯಿತೆಂದು ಅವನಿಗೆ ಸ್ವಲ್ಪ ಬೇಸರ. ಆ ಒಲೆಯೂ ನಾಲ್ಕು ಡಬ್ಬಿಗಳೂ ಈಗ ನಮ್ಮ ತೋಟದ ಶೆಡ್ಡಿನ ನೆರಳಿನಲ್ಲಿವೆ. ಅಡಿಕೆ ಸುಲಿಯುವ ಹೊತ್ತಿಗೆ ಅಂಗಳದಲ್ಲಿ ಕುಳಿತು ಚಹಾ ಕಾಯಿಸಲು ಅವು ಧಾರಾಳ. ನಮ್ಮೂರಿನ ಡಿಸೆಂಬರಿನಲ್ಲಿ ಬ್ಯೂಟೇನ್ ಎಂದೂ ಮುನಿಸಿಕೊಳ್ಳುವುದಿಲ್ಲ.